ಮುಚ್ಚಿದ ಬಾಯಿಯ ಮುಂದೆ

ಮನೆಯಲ್ಲಿ ನಾಯಿಯನ್ನು ಸಾಕಿದವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಗಳಿಗೆಯೊಂದಿದೆ. ಅಡುಗೆಮನೆಯ ಪಾತ್ರೆಯ ಸದ್ದಿಗೇ ಬಾಲವಾಡಿಸುತ್ತಾ ಓಡಿಬರುತ್ತಿದ್ದ ಪ್ರಾಣಿ ಅಂದು ಜಗಲಿಯ ಮೂಲೆಯಿಂದ ಏಳುವುದಿಲ್ಲ. ಅನ್ನದ ತಟ್ಟೆಯನ್ನು ಅದರ ಮೂತಿಯ ಬಳಿಗೇ ಒಯ್ದರೂ ಒಮ್ಮೆ ಮೂಸಿ ಮುಖ ತಿರುಗಿಸುತ್ತದೆ. ಪಶುವೈದ್ಯರು ಕೊಟ್ಟ ಮಾತ್ರೆಯನ್ನು ಹಿಡಿದು ನೀವು ಅದರ ಮುಂದೆ ಮಂಡಿಯೂರುತ್ತೀರಿ. ಅದು ಹಲ್ಲುಗಳನ್ನು ಬಿಗಿಹಿಡಿದು ನಿಮ್ಮನ್ನೇ ನೋಡುತ್ತದೆ.

ಆ ಮುಚ್ಚಿದ ಬಾಯಿಯ ಮುಂದೆ ಏಳುವ ಪ್ರಶ್ನೆ ಸಣ್ಣದೇನಲ್ಲ. ತನಗೆ ಯಾವುದು ಹಿತವೆಂದು ಅರಿಯದ ಜೀವಕ್ಕೆ ಆ ಹಿತವನ್ನು ಬಲವಂತದಿಂದ ಕೊಡುವ ಹಕ್ಕು ನಮಗಿದೆಯೇ? ಇದ್ದರೆ ಎಲ್ಲಿಯವರೆಗೆ? ಯಾವ ಗೆರೆಯನ್ನು ದಾಟಿದಾಗ ನಮ್ಮ ಪ್ರೀತಿಯು ನಮ್ಮ ಹಟವಾಗಿ ಮಾರ್ಪಡುತ್ತದೆ?

ಈ ಪ್ರಶ್ನೆಯನ್ನು ನಮ್ಮ ಮನೆಯ ನಾಯಿ ನನ್ನ ಮುಂದೆ ಎರಡು ಬಾರಿ ಇಟ್ಟಿತು. ಮೊದಲ ಸಲ ಬಿಡದೆ ಪ್ರಯತ್ನಿಸಿದ್ದೇ ಸರಿಯಾಗಿತ್ತು. ಎರಡನೆಯ ಸಲ ಕೈಬಿಡುವುದೇ ಸರಿಯಾಗಿತ್ತು. ಎರಡು ಸಲವೂ ನಾನು ಮೊದಲು ತಪ್ಪನ್ನೇ ಮಾಡಿದೆ. ಆ ತಪ್ಪುಗಳಿಂದ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಮೊದಲ ನಿರಾಕರಣೆ

ಕೆಂಚ ನಮ್ಮ ಮನೆಗೆ ಮರಿಯಾಗಿ ಬಂದ ನಾಡುನಾಯಿ. ಅದಕ್ಕೆ ಹನ್ನೊಂದು ವರ್ಷ ತುಂಬಿದ್ದಾಗ, ಮಳೆಗಾಲದ ಕೊನೆಯಲ್ಲಿ, ಜ್ವರ ಕಾಣಿಸಿಕೊಂಡಿತು. ಒಸಡುಗಳು ಬಿಳಿಚಿಕೊಂಡಿದ್ದವು. ಕಿವಿಯ ಮಡಿಕೆಗಳಲ್ಲಿ ಉಣ್ಣೆಗಳು ತುಂಬಿದ್ದವು. ರಕ್ತಪರೀಕ್ಷೆ ಮಾಡಿಸಿದ ಪಶುವೈದ್ಯರು ಇದು ಉಣ್ಣೆಯಿಂದ ಹರಡುವ ಜ್ವರವೆಂದೂ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು ಬಹಳ ಕಡಿಮೆಯಾಗಿವೆಯೆಂದೂ ತಿಳಿಸಿದರು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ತಪ್ಪದೆ ಕೊಡಬೇಕು, ಚೇತರಿಸಿಕೊಂಡಿತೆಂದು ನಡುವೆ ನಿಲ್ಲಿಸಿದರೆ ರೋಗ ಒಳಗೇ ಅಡಗಿ ಕುಳಿತು ಮರಳಬಹುದು ಎಂದು ಎಚ್ಚರಿಸಿದರು.

28 ದಿನ ಎಂಬುದು ಚೀಟಿಯ ಮೇಲೆ ಸುಲಭವಾಗಿ ಕಾಣುವ ಸಂಖ್ಯೆ. ಮೊದಲ ದಿನ ಮಾತ್ರೆಯನ್ನು ಇಡ್ಲಿಯ ತುಂಡಿನೊಳಗೆ ಇಟ್ಟು ಕೊಟ್ಟೆ. ನುಂಗಿತು. ಎರಡನೆಯ ದಿನ ಇಡ್ಲಿಯನ್ನು ತಿಂದು ಮಾತ್ರೆಯನ್ನು ಮಾತ್ರ ಜಗಲಿಯ ಮೇಲೆ ಉಗುಳಿತು. ಮೂರನೆಯ ದಿನ ಬೇಯಿಸಿದ ಕೋಳಿಯ ಲಿವರ್ ತುಂಡಿನಲ್ಲಿ ಅಡಗಿಸಿದೆ. ಅದನ್ನು ಕಚ್ಚಿದಾಗ ಕಹಿ ತಗುಲಿರಬೇಕು. ಅಂದಿನಿಂದ ಲಿವರನ್ನೂ ಮುಟ್ಟಲಿಲ್ಲ, ಇಡ್ಲಿಯನ್ನೂ ಮುಟ್ಟಲಿಲ್ಲ, ನನ್ನ ಕೈಯಿಂದ ಏನನ್ನೂ ತಿನ್ನಲಿಲ್ಲ. ಔಷಧವನ್ನು ಒಳಗೆ ಕಳಿಸುವ ಆತುರದಲ್ಲಿ ನಾನು ಅದರ ಅನ್ನವನ್ನೇ ಕೆಡಿಸಿದ್ದೆ.

ನಾಲ್ಕನೆಯ ದಿನ ಸಹನೆ ತೀರಿತು. ದವಡೆಯನ್ನು ಬಲವಂತದಿಂದ ಬಿಡಿಸಿ ಮಾತ್ರೆಯನ್ನು ಗಂಟಲಿಗೆ ತಳ್ಳಿ ಮೂತಿಯನ್ನು ಅದುಮಿ ಹಿಡಿದೆ. ಅದು ಮನಸ್ಸು ಮಾಡಿದ್ದರೆ ನನ್ನ ಬೆರಳುಗಳನ್ನು ಸೀಳಬಹುದಿತ್ತು. ಕಚ್ಚಲಿಲ್ಲ. ಕೈ ಸಡಿಲಿಸಿದ ಕೂಡಲೇ ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಹೋಗಿ ಹಿಂದಿನ ಗೋಡೆಗೆ ಮುಖಮಾಡಿ ಮಲಗಿತು. ಹೆಸರು ಹಿಡಿದು ಕರೆದರೂ ಬರಲಿಲ್ಲ. ಹನ್ನೊಂದು ವರ್ಷಗಳಲ್ಲಿ ನನ್ನ ಕರೆಗೆ ಅದು ಬಾರದೆ ಉಳಿದದ್ದು ಅದೇ ಮೊದಲು.

ಮರುದಿನ ಪಶುವೈದ್ಯರ ಬಳಿಗೆ ಹೋಗಿ, "ಬಹಳ ಹಟಮಾರಿ ನಾಯಿ, ಡಾಕ್ಟ್ರೇ" ಎಂದು ದೂರು ಹೇಳಿದೆ. ಅವರು ಅದರ ಹೊಟ್ಟೆಯನ್ನು ಮುಟ್ಟಿನೋಡಿ, ಬಾಯಿಯಿಂದ ಸುರಿಯುತ್ತಿದ್ದ ಜೊಲ್ಲನ್ನು ತೋರಿಸಿ, "ಸಾರ್, ಇದು ಹಟ ಮಾಡ್ತಾ ಇಲ್ಲ. ನಿಮಗೆ ಹೇಳ್ತಾ ಇದೆ. ಹೊಟ್ಟೆ ತೊಳೆಸುವಾಗ ನೀವಾದರೂ ಊಟ ಮಾಡ್ತೀರಾ?" ಎಂದರು. ಮೊದಲು ವಾಕರಿಕೆ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರು. ಚರ್ಮದಡಿಗೆ ಸಲೈನ್ ಹಾಕಿದರು. ಅನ್ನದ ತಟ್ಟೆಯನ್ನೂ ಔಷಧವನ್ನೂ ಬೇರೆಬೇರೆ ಹೊತ್ತಿಗೆ, ಬೇರೆಬೇರೆ ಜಾಗದಲ್ಲಿ ಇಡಿ ಎಂದರು. ಗಂಜಿಯನ್ನು ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಕಾಯಿಲೆಯ ನಾಯಿಗೆ ಹಸಿವನ್ನು ಎಬ್ಬಿಸುವುದು ವಾಸನೆಯೇ, ಎರಡು ಚಮಚ ತಿಂದರೆ ಸಾಕು, ಉಳಿದದ್ದನ್ನು ಎತ್ತಿಬಿಡಿ ಎಂದರು. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಬಾರದು, ಅವು ನಾಯಿಯ ರಕ್ತಕ್ಕೆ ಹಾನಿಕರ ಎಂದರು. ಮಾತ್ರೆ ಒಳಗೆ ಹೋದ ಮೇಲೆ ಸ್ವಲ್ಪ ನೀರನ್ನೋ ಗಂಜಿಯನ್ನೋ ಕೊಡಬೇಕು, ಇಲ್ಲವಾದರೆ ಅದು ಗಂಟಲಿನಲ್ಲಿ ನಿಂತು ಹುಣ್ಣು ಮಾಡುತ್ತದೆ ಎಂದರು.

ಹಾಗೆಯೇ ಮಾಡಿದೆವು. ನನ್ನ ಹೆಂಡತಿ ನೆಲದ ಮೇಲೆ ಕುಳಿತು ಕೆಂಚನ ಕತ್ತನ್ನು ಸವರುವಳು. ನಾನು ಅವಸರವಿಲ್ಲದೆ ಮಾತ್ರೆಯನ್ನು ನಾಲಗೆಯ ಹಿಂಭಾಗದಲ್ಲಿಟ್ಟು, ಬಾಯಿ ಮುಚ್ಚಿಸಿ, ಗಂಟಲನ್ನು ಮೆಲ್ಲಗೆ ನೀವುವೆನು. ಒಂದೇ ನಿಮಿಷದ ಕೆಲಸ. ಅದರ ಬಳಿಕ ಹತ್ತು ನಿಮಿಷ ಏನನ್ನೂ ಮಾಡದೆ ಅದರ ಪಕ್ಕದಲ್ಲಿ ಕುಳಿತಿರುವುದು. ಬಲವಂತ ಆಗಲೂ ಇತ್ತು, ಆದರೆ ಕೋಪ ಇರಲಿಲ್ಲ, ಮೋಸ ಇರಲಿಲ್ಲ. ಒಂಬತ್ತನೆಯ ದಿನ ತಾನಾಗಿಯೇ ಎದ್ದು ಗಂಜಿ ನೆಕ್ಕಿತು. 28 ದಿನಗಳ ಚಿಕಿತ್ಸೆ ಮುಗಿಯುವಷ್ಟರಲ್ಲಿ ಮತ್ತೆ ಪಾತ್ರೆಯ ಸದ್ದಿಗೆ ಓಡಿಬರತೊಡಗಿತು.

ವಿವರಣೆಯಿಲ್ಲದ ಕಹಿ

ಮಗುವಿಗೆ ಔಷಧ ಕುಡಿಸುವಾಗ, "ಇದನ್ನು ಕುಡಿದರೆ ಜ್ವರ ಹೋಗುತ್ತದೆ" ಎಂದು ಹೇಳಬಹುದು. ಮಗುವಿಗೆ ಪೂರ್ತಿ ಅರ್ಥವಾಗದಿದ್ದರೂ ಮಾತಿನ ಆಸರೆ ಇರುತ್ತದೆ. ನಾಯಿಗೆ ಏನೆಂದು ಹೇಳುವುದು? ನಾಳೆ ಎಂಬುದಿದೆ, ಈ ಕಹಿ ನಾಳೆಯ ಸುಖಕ್ಕಾಗಿ ಎಂದು ಅದಕ್ಕೆ ಹೇಗೆ ತಿಳಿಸುವುದು?

ಪವಿತ್ರ ಗ್ರಂಥದಲ್ಲಿ ತೋಬಿತನ ಕಥೆಯನ್ನು ನೀವು ಓದಿರುತ್ತೀರಿ. ಕುರುಡನಾದ ತಂದೆಯನ್ನು ಬಿಟ್ಟು ತೋಬಿಯಾಸನು ದೂರದ ಊರಿಗೆ ಹೊರಟಾಗ ದೇವದೂತ ರಫಾಯೇಲನು ಅವನೊಡನೆ ನಡೆದನು. ಅವರ ಜೊತೆಗೆ ಒಂದು ನಾಯಿಯೂ ಹೋಯಿತು. ಆ ನಾಯಿಯ ಹೆಸರಾಗಲಿ ಕೆಲಸವಾಗಲಿ ಗ್ರಂಥದಲ್ಲಿಲ್ಲ. ಅದು ಹೋಗುವಾಗಲೂ ಇತ್ತು, ಬರುವಾಗಲೂ ಇತ್ತು ಎಂಬಷ್ಟೇ ಮಾತಿದೆ. ಮರಳಿ ಬಂದ ತೋಬಿಯಾಸನು ಮೀನಿನ ಪಿತ್ತವನ್ನು ತಂದೆಯ ಕಣ್ಣುಗಳಿಗೆ ಹಚ್ಚಿದನು. ಉರಿಯುವ ಔಷಧ ಅದು. ಧೈರ್ಯ ತಂದುಕೊಳ್ಳುವಂತೆ ಮಗನು ತಂದೆಗೆ ಹೇಳಿದನು, ತಂದೆ ಸಹಿಸಿದನು, ಕಣ್ಣಿನ ಪೊರೆ ಕಳಚಿತು. ತೋಬಿತನಿಗೆ ಆ ಉರಿಯ ಕಾರಣ ತಿಳಿದಿತ್ತು. ಅದೇ ಪಿತ್ತವನ್ನು ಬಾಗಿಲಲ್ಲಿ ನಿಂತಿದ್ದ ಆ ನಾಯಿಯ ಕಣ್ಣಿಗೆ ಹಚ್ಚಬೇಕಾಗಿ ಬಂದಿದ್ದರೆ, ತೋಬಿಯಾಸನ ಬಳಿ ಯಾವ ಮಾತೂ ಇರುತ್ತಿರಲಿಲ್ಲ. ದಾರಿಯುದ್ದಕ್ಕೂ ಜೊತೆ ನಡೆದ ನಂಟೊಂದೇ ಇರುತ್ತಿತ್ತು.

ನನಗೆ ತಿಳಿದದ್ದು ಇದು. ವಿವರಣೆ ಸಾಧ್ಯವಿಲ್ಲದ ಕಡೆ ನಂಬಿಕೆಯೇ ವಿವರಣೆ. ಪ್ರಾಣಿಯು ನಮ್ಮ ಔಷಧವನ್ನು ಅರಿಯಲಾರದು, ನಮ್ಮ ಕೈಯನ್ನು ಮಾತ್ರ ಅರಿಯಬಲ್ಲದು. ಆದ್ದರಿಂದ ಮೋಸದಿಂದಲೋ ಸಿಟ್ಟಿನಿಂದಲೋ ಒಂದು ಮಾತ್ರೆಯನ್ನು ಗೆದ್ದು ಆ ಕೈಯ ಮೇಲಿನ ನಂಬಿಕೆಯನ್ನು ಸೋತರೆ, ಉಳಿದ 27 ದಿನಗಳಿಗೆ ನಮ್ಮ ಬಳಿ ಏನೂ ಉಳಿಯುವುದಿಲ್ಲ. ಮಾತ್ರೆಯನ್ನು ರುಚಿಯಾದ ತುಂಡಿನಲ್ಲಿಟ್ಟು ಕೊಡುವುದು ಪಾಪವೆಂದು ನಾನು ಹೇಳುತ್ತಿಲ್ಲ. ಎಷ್ಟೋ ನಾಯಿಗಳು ಹಾಗೆಯೇ ಸುಖವಾಗಿ ನುಂಗಿಬಿಡುತ್ತವೆ. ಆದರೆ ಕಂಡುಹಿಡಿದ ಮೇಲೂ ಅದನ್ನೇ ಮುಂದುವರಿಸಿದರೆ ಅನ್ನದ ಮೇಲೆಯೇ ಅನುಮಾನ ಹುಟ್ಟುತ್ತದೆ.

ನಿರಾಕರಣೆಯೂ ಒಂದು ಮಾತು

ಪಶುವೈದ್ಯರು ಅಂದು ಆಡಿದ ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ನಾವು ಕೊಟ್ಟದ್ದನ್ನು ಯಾರಾದರೂ ಬೇಡವೆಂದರೆ ನಮಗೆ ಅವಮಾನವಾದಂತೆ ತೋರುತ್ತದೆ, ಅದನ್ನು ಹಟವೆಂದು ಕರೆಯುತ್ತೇವೆ. ಆದರೆ ಬಾಯಿಲ್ಲದ ಪ್ರಾಣಿಗೆ ನಿರಾಕರಣೆಯೇ ಮಾತು. ಹಲ್ಲಿನ ಬುಡದಲ್ಲಿ ಕೀವಾಗಿರಬಹುದು, ಹೊಟ್ಟೆ ತೊಳೆಸುತ್ತಿರಬಹುದು, ಮೂತ್ರಕೋಶಕ್ಕೆ ಸಂಬಂಧಿಸಿದ ತೊಂದರೆಯಿರಬಹುದು, ಔಷಧವೇ ಹಸಿವನ್ನು ಕೊಂದಿರಬಹುದು. ಬೆಳೆದ ನಾಯಿ ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ಕಾಯಬಾರದು. ಮರಿಯಾದರೆ ಅಷ್ಟನ್ನೂ ಕಾಯಬಾರದು. ನಮ್ಮ ಜ್ವರಕ್ಕೆ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ನಮ್ಮಷ್ಟಕ್ಕೆ ನಾವೇ ಕೊಡುವುದಂತೂ ಅಪಾಯ.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಊಟ ನೀರು ಬಿಟ್ಟ ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತಾ, ನುಂಗಲಾರದೆ, ಅದರ ನಡತೆಯೇ ಬದಲಾಗಿದ್ದರೆ ಅದು ಹುಚ್ಚುನಾಯಿ ರೋಗವಿರಬಹುದು. ಅಂಥ ನಾಯಿಯ ಬಾಯಿಗೆ ಪ್ರೀತಿಯಿಂದಲೂ ಕೈ ಹಾಕಬಾರದು. ಮಕ್ಕಳನ್ನು ದೂರವಿಟ್ಟು ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ, ಪರಚಿದ ಅಥವಾ ಜೊಲ್ಲು ತಗುಲಿದ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಪ್ರಾಣಿಯ ಮೇಲಿನ ಕರುಣೆ ಮನೆಯವರ ಪ್ರಾಣದ ಮೇಲಿನ ಜವಾಬ್ದಾರಿಯನ್ನು ಮರೆಸಬಾರದು.

ನಾಯಿಗೆ ಕೋಳಿ ಸಾರು

ಆ 28 ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಕೆಂಚನಿಗಾಗಿ ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿದ್ದಾಗ, ಕೂಲಿಗೆ ಹೋಗುವ ಪಕ್ಕದ ಮನೆಯ ಹೆಂಗಸು ಒಳಗೆ ಬಂದು, ವಾಸನೆ ಹಿಡಿದು, ಯಾರಿಗೆಂದು ಕೇಳಿದರು. ಹೇಳಿದೆವು. ಅವರು ನಕ್ಕು, "ಪುಣ್ಯವಂತ ನಾಯಿ ಬಿಡಿ, ಅಕ್ಕ" ಎಂದು ನನ್ನ ಹೆಂಡತಿಗೆ ಹೇಳಿ ಹೋದರು. ಅದರಲ್ಲಿ ಕುಹಕವಿರಲಿಲ್ಲ. ಆದ್ದರಿಂದಲೇ ಅದು ಚುಚ್ಚಿತು. ಮಳೆಯಿಂದಾಗಿ ಅವರಿಗೆ ಎರಡು ವಾರದಿಂದ ಕೂಲಿಯಿರಲಿಲ್ಲ ಎಂಬುದನ್ನು ಆಮೇಲೆ ತಿಳಿದೆವು. ನಮ್ಮ ನಾಯಿ ಊಟ ಬಿಟ್ಟದ್ದು ನಮಗೆ ಮೊದಲ ಹೊತ್ತಿಗೇ ತಿಳಿದಿತ್ತು. ಗೋಡೆಯಾಚೆಯ ಒಲೆಯ ಸುದ್ದಿ ಎರಡು ವಾರವಾದರೂ ತಿಳಿದಿರಲಿಲ್ಲ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ವಿಷಯದಲ್ಲಿ ಎರಡು ಮಾತುಗಳನ್ನು ಜೊತೆಜೊತೆಯಾಗಿ ಇಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆಯನ್ನು ಸಲ್ಲಿಸಬೇಕು, ಅವುಗಳನ್ನು ಅನಾವಶ್ಯಕವಾಗಿ ನರಳಿಸುವುದು ಮಾನವ ಘನತೆಗೆ ವಿರುದ್ಧ ಎನ್ನುತ್ತದೆ. ಅದೇ ಉಸಿರಿನಲ್ಲಿ, ಮನುಷ್ಯರ ಬವಣೆಯನ್ನು ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದು ತರವಲ್ಲ ಎಂದೂ, ಮನುಷ್ಯರಿಗಷ್ಟೇ ಸಲ್ಲುವ ವಾತ್ಸಲ್ಯವನ್ನು ಅವುಗಳ ಮೇಲೆ ಹರಿಸಬಾರದೆಂದೂ ಹೇಳುತ್ತದೆ. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಡುವವರಿದ್ದಾರೆ. ಎರಡನೆಯದನ್ನು ನೆಪ ಮಾಡಿಕೊಂಡು ನಾಯಿಗೂ ಕೊಡದೆ ನೆರೆಯವರಿಗೂ ಕೊಡದೆ ಇರುವವರೂ ಇದ್ದಾರೆ.

ಸಂತ ಲೂಕನ ಶುಭಸಂದೇಶದಲ್ಲಿ, ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹುಣ್ಣುಗಳನ್ನು ನಾಯಿಗಳು ಬಂದು ನೆಕ್ಕುತ್ತಿದ್ದವು. ಇದು ಲಾಜರನ ದುರ್ಗತಿಯನ್ನು ತೋರಿಸುತ್ತದೆ ಎನ್ನುವವರಿದ್ದಾರೆ. ಮನುಷ್ಯರು ತೋರದ ಕನಿಕರವನ್ನು ನಾಯಿಗಳು ತೋರಿದವು ಎನ್ನುವವರೂ ಇದ್ದಾರೆ. ಹೇಗೆ ಓದಿದರೂ ಧನಿಕನ ಅಪರಾಧ ಒಂದೇ: ಅವನು ಬಾಗಿಲಾಚೆಗೆ ನೋಡಲಿಲ್ಲ. ಅವನ ಸಾಲಿಗೆ ನಾವೂ ಸೇರಲಿದ್ದೆವು. ಅಂದಿನಿಂದ ನಮ್ಮ ಸಾರಿನ ಪಾತ್ರೆ ದೊಡ್ಡದಾಯಿತು, ಮೊದಲ ಸೌಟು ಗೋಡೆಯಾಚೆಗೆ ಹೋಗತೊಡಗಿತು. ಇದನ್ನು ನಮ್ಮ ಹಿರಿಮೆಯೆಂದು ಹೇಳುತ್ತಿಲ್ಲ. ನಾಯಿಗೆ ಕಾಯಿಲೆ ಬಾರದಿದ್ದರೆ ನಾವು ಅಷ್ಟನ್ನೂ ಮಾಡುತ್ತಿರಲಿಲ್ಲ.

ಎರಡನೆಯ ನಿರಾಕರಣೆ

ಎರಡು ವರ್ಷಗಳ ಬಳಿಕ ಕೆಂಚ ಮತ್ತೆ ಊಟ ಬಿಟ್ಟಿತು. ಆಗ ಅದಕ್ಕೆ ಹದಿಮೂರು ವರ್ಷ. ಕೆಲವು ವಾರಗಳಿಂದ ಬಹಳ ನೀರು ಕುಡಿಯುತ್ತಿತ್ತು, ಬಹಳ ಮೂತ್ರ ಮಾಡುತ್ತಿತ್ತು, ಬೆನ್ನಿನ ಎಲುಬು ಎದ್ದು ಕಾಣುತ್ತಿತ್ತು. ಉಸಿರಿಗೆ ಕೆಟ್ಟ ವಾಸನೆ, ಬಾಯಲ್ಲಿ ಹುಣ್ಣು. ಮೂತ್ರಪಿಂಡಗಳು ಸೋತಿವೆ, ಹೊರಗೆ ಹೋಗಬೇಕಾದ ಕಶ್ಮಲ ರಕ್ತದಲ್ಲೇ ನಿಂತಿದೆ ಎಂದರು ಪಶುವೈದ್ಯರು. ಕೆಲವು ದಿನ ಸಲೈನ್ ಕೊಟ್ಟರು. ರಕ್ತದ ಫಲಿತಾಂಶ ಸುಧಾರಿಸಲಿಲ್ಲ. "ಇನ್ನು ಔಷಧ ಕಾಯಿಲೆಯನ್ನು ಹಿಂದಿರುಗಿಸಲಾರದು, ಸಾರ್. ಸಂಕಟವನ್ನು ಕಡಿಮೆ ಮಾಡಬಹುದು, ಅಷ್ಟೇ" ಎಂದು ಸ್ಪಷ್ಟವಾಗಿಯೇ ಹೇಳಿದರು.

ನಾನು ಕೇಳಿಸಿಕೊಂಡೆ, ಆದರೆ ಒಪ್ಪಲಿಲ್ಲ. ಹಿಂದಿನ ಸಲ ಬಿಡದೆ ಪ್ರಯತ್ನಿಸಿ ಬದುಕಿಸಿರಲಿಲ್ಲವೇ? ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಜಿ ತುಂಬಿ ಎರಡು ಗಂಟೆಗೊಮ್ಮೆ ಬಾಯಿಗೆ ಹಾಕತೊಡಗಿದೆ. ಹುಣ್ಣಾದ ಬಾಯಿ. ಅರ್ಧ ಹೊರಗೆ ಬರುತ್ತಿತ್ತು, ಉಳಿದದ್ದು ವಾಂತಿಯಾಗುತ್ತಿತ್ತು. ಮೂರನೆಯ ದಿನ ಗಂಜಿ ಗಂಟಲಿನಲ್ಲಿ ಸಿಕ್ಕಿ ಬಹಳ ಹೊತ್ತು ಕೆಮ್ಮಿತು. ನುಂಗಲಾರದ ಪ್ರಾಣಿಗೆ ಹೀಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣವನ್ನೇ ತೆಗೆಯಬಹುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿರಿಂಜನ್ನು ಮತ್ತೆ ತುಂಬಿದೆ. ಕಾಲೇಜಿಗೆ ಹೋಗುವ ನನ್ನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪ, ಇದನ್ನ ಕೆಂಚನಿಗೋಸ್ಕರ ಮಾಡ್ತಾ ಇದ್ದೀರಾ, ನಮಗೋಸ್ಕರ ಮಾಡ್ತಾ ಇದ್ದೀರಾ?" ಎಂದು ಕೇಳಿದಳು.

ಉತ್ತರಿಸಲಾಗಲಿಲ್ಲ. ಆ ಗಂಜಿಯಿಂದ ಕೆಂಚನಿಗೆ ಯಾವ ಉಪಕಾರವೂ ಆಗುತ್ತಿರಲಿಲ್ಲ. ಏನನ್ನೋ ಮಾಡುತ್ತಿದ್ದೇನೆಂಬ ಸಮಾಧಾನ ನನಗೆ ಸಿಗುತ್ತಿತ್ತು. ನನ್ನ ಭಯಕ್ಕೆ ಬೇಕಾದ ಔಷಧವನ್ನು ನಾನು ಅದರ ಬಾಯಿಗೆ ಹಾಕುತ್ತಿದ್ದೆ. ಸಿರಿಂಜನ್ನು ತೊಳೆದು ಒಳಗಿಟ್ಟೆ. ಅಂದಿನಿಂದ ಒದ್ದೆ ಹತ್ತಿಯಿಂದ ಅದರ ತುಟಿ ಒರೆಸುವುದು, ಗೋಣಿಯ ಮೇಲೆ ಮೆತ್ತನೆಯ ಬಟ್ಟೆ ಹಾಸುವುದು, ಮಗ್ಗುಲು ಬದಲಿಸುವುದು, ವಾಕರಿಕೆಗೆ ವೈದ್ಯರು ಕೊಡುವ ಇಂಜೆಕ್ಷನ್ ಕೊಡಿಸುವುದು, ಇಷ್ಟೇ ನಮ್ಮ ಕೆಲಸವಾಯಿತು. ನಾನು ಬಂದರೆ ಮೂಲೆಗೆ ಸರಿಯುತ್ತಿದ್ದ ಕೆಂಚ ಮರುದಿನ ಸಂಜೆ ತೆವಳಿಕೊಂಡು ಬಂದು ನನ್ನ ಕಾಲ ಬಳಿ ಮಲಗಿತು. ಮತ್ತೆ ಎರಡು ದಿನಗಳಲ್ಲಿ ಉಸಿರಾಟವೇ ಕಷ್ಟವಾದಾಗ, ವೈದ್ಯರ ಸಲಹೆಯಂತೆ, ನೋವಿಲ್ಲದ ಇಂಜೆಕ್ಷನ್‌ಗೆ ನಾವು ಒಪ್ಪಿದೆವು. ವೈದ್ಯರು ಮನೆಗೇ ಬಂದರು. ಅದರ ತಲೆ ನನ್ನ ತೊಡೆಯ ಮೇಲಿತ್ತು.

ಒಂದೇ ಬಗೆಯಲ್ಲಿ ಮುಚ್ಚಿದ ಬಾಯಿ, ಆದರೆ ಎರಡು ಉತ್ತರಗಳು. ಇವುಗಳನ್ನು ಬೇರ್ಪಡಿಸುವುದು ಹೇಗೆ? ನನಗೆ ಉಪಯೋಗಕ್ಕೆ ಬಂದ ಮೂರು ಪ್ರಶ್ನೆಗಳನ್ನು ನಿಮಗೂ ಒಪ್ಪಿಸುತ್ತೇನೆ. ಮೊದಲನೆಯದು, ಬಲ್ಲವರ ಮಾತಿನಂತೆ ಗುಣವಾಗುವ ನಿಜವಾದ ಭರವಸೆ ಇದೆಯೇ? ಎರಡನೆಯದು, ಚಿಕಿತ್ಸೆಯ ಹಿಂಸೆಗಿಂತ ಅದರಿಂದ ಬರುವ ಹಿತ ಹೆಚ್ಚಿನದೇ? ಮೂರನೆಯದು, ನಾನು ಸಂತೈಸುತ್ತಿರುವುದು ಈ ಜೀವದ ನೋವನ್ನೋ, ನನ್ನ ಭಯವನ್ನೋ? ಮೊದಲೆರಡಕ್ಕೆ ಪಶುವೈದ್ಯರು ನೆರವಾಗುತ್ತಾರೆ. ಮೂರನೆಯದನ್ನು ನಾವೇ ದೇವರ ಮುಂದೆ ಕೇಳಿಕೊಳ್ಳಬೇಕು.

ಮನುಷ್ಯರ ಮಾತು ಬೇರೆ

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸದಿದ್ದರೆ ತಪ್ಪಾದೀತು. ನಾಯಿಯ ವಿಷಯದಲ್ಲಿ ಕರುಣೆಯ ಕೆಲಸವೆನಿಸಿದ ಆ ಇಂಜೆಕ್ಷನ್ ಮನುಷ್ಯರಿಗೆ ಎಂದಿಗೂ ಸಲ್ಲದು. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮಾನವನ ಪ್ರಾಣವನ್ನು, ಎಂಥ ನೋವಿನಲ್ಲೂ, ಬೇಕೆಂದೇ ತೆಗೆಯುವುದನ್ನು ಧರ್ಮಸಭೆ ಒಪ್ಪುವುದಿಲ್ಲ. ಅದೇ ಧರ್ಮಸಭೆ ಇನ್ನೊಂದನ್ನೂ ಬೋಧಿಸುತ್ತದೆ: ಫಲಕ್ಕಿಂತ ಹಿಂಸೆಯೇ ಹೆಚ್ಚಾದ ಅಸಾಮಾನ್ಯ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯಲ್ಲ, ಸಾವನ್ನು ತಡೆಯಲಾಗದೆಂಬುದನ್ನು ಒಪ್ಪಿಕೊಳ್ಳುವುದು ಮಾತ್ರ. ಆದರೆ ಸಾಮಾನ್ಯ ಆರೈಕೆಯನ್ನು, ರೋಗಿಗೆ ಸಲ್ಲಬೇಕಾದ ಶುಶ್ರೂಷೆಯನ್ನು, ಕೊನೆಯ ಉಸಿರಿನವರೆಗೂ ನಿಲ್ಲಿಸಬಾರದು.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಇಂದು ಹಾಸಿಗೆ ಹಿಡಿದ ತಂದೆಯೋ ಅಜ್ಜಿಯೋ ಇದ್ದಾರೆ. ಅವರೂ ತುತ್ತನ್ನು ಬೇಡವೆನ್ನುತ್ತಾರೆ, ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ ಉಗುಳುತ್ತಾರೆ. "ಎಷ್ಟು ಹೇಳಿದರೂ ಕೇಳುವುದಿಲ್ಲ, ಹಟ" ಎಂದು ಸೊಸೆಯೋ ಮಗನೋ ಬೇಸತ್ತು ನುಡಿಯುತ್ತಾರೆ. ಅವರ ದಣಿವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ನಾಯಿಯ ವಿಷಯದಲ್ಲಿ ನಾವು ಕೇಳಲು ಕಲಿತ ಪ್ರಶ್ನೆಯನ್ನು ಅವರ ವಿಷಯದಲ್ಲಿ ಮೊದಲೇ ಕೇಳಬೇಕಲ್ಲವೇ? ಎಲ್ಲಿ ನೋವಾಗುತ್ತಿದೆ? ಹಲ್ಲೇ? ಗಂಟಲೇ? ಔಷಧವೇ? ಅಥವಾ ತಾನು ಮನೆಗೆ ಹೊರೆಯೆಂಬ ಭಾವವೇ? ನಾಯಿಗೆ ವಿವರಿಸಲು ನಮ್ಮ ಬಳಿ ಮಾತಿಲ್ಲ. ಅಜ್ಜಿಗೆ ವಿವರಿಸಲು ಮಾತಿದೆ. ಹಾಗಿದ್ದೂ ಎಷ್ಟೋ ಸಲ ನಾವು ಮಾತನಾಡದೆ ಚಮಚವನ್ನಷ್ಟೇ ಮುಂದೊಡ್ಡುತ್ತೇವೆ. ಅವರು ತಮ್ಮ ಮನಸ್ಸನ್ನು ಹೇಳಬಲ್ಲರು, ಆರಿಸಿಕೊಳ್ಳಬಲ್ಲರು, ಪ್ರಾರ್ಥಿಸಬಲ್ಲರು. ಅವರ ನಿರಾಕರಣೆಗೆ ನಾಯಿಯ ನಿರಾಕರಣೆಗಿಲ್ಲದ ಘನತೆಯಿದೆ.

ಬಲವಂತ ಮಾಡದ ವೈದ್ಯ

ಕೊನೆಯದಾಗಿ, ಕೆಂಚನ ಮುಂದೆ ಮಂಡಿಯೂರಿ ಕುಳಿತ ದಿನಗಳಲ್ಲಿ ನನ್ನನ್ನು ಬಹಳವಾಗಿ ಕಾಡಿದ ಯೋಚನೆಯೊಂದನ್ನು ಹೇಳಿ ಮುಗಿಸುತ್ತೇನೆ. ನಾವೂ ಹೀಗೆ ಬಾಯಿ ಮುಚ್ಚಿ ಕುಳಿತವರೇ. ಕ್ಷಮಿಸಬೇಕೆಂಬ ಕಹಿ ಮಾತ್ರೆಯನ್ನು ಎಷ್ಟು ವರ್ಷಗಳಿಂದ ಕೆನ್ನೆಯೊಳಗೆ ಅಡಗಿಸಿ ಉಗುಳುತ್ತಿದ್ದೇವೆ? ಪಾಪನಿವೇದನೆಗೆ ಹೋಗದೆ, ಅಣ್ಣತಮ್ಮಂದಿರೊಡನೆ ಮಾತಾಡದೆ, ಬಲಿಪೂಜೆಯ ಹೊತ್ತಿನಲ್ಲೂ ಗೋಡೆಗೆ ಮುಖಮಾಡಿ ಮಲಗಿರುವ ದಿನಗಳು ಎಷ್ಟಿಲ್ಲ!

ಪ್ರಾಣಿಗೆ ಆಯ್ಕೆಯ ಸ್ವಾತಂತ್ರ್ಯವಿಲ್ಲವಾದ್ದರಿಂದ ಅದರ ಹಿತಕ್ಕಾಗಿ ಕೆಲವೊಮ್ಮೆ ನಾವು ಬಲವಂತ ಮಾಡಬಹುದು. ದೇವರು ನಮಗೆ ಸ್ವಾತಂತ್ರ್ಯ ಕೊಟ್ಟದ್ದರಿಂದ ನಮ್ಮನ್ನು ಬಲವಂತ ಮಾಡುವುದಿಲ್ಲ. ಯಾರಿಗೆ ಎಲ್ಲ ಅಧಿಕಾರವೂ ಇದೆಯೋ ಆತನೇ ನಮ್ಮ ದವಡೆಯನ್ನು ಬಿಡಿಸುವುದಿಲ್ಲ. ಗೆರಸೇನರ ನಾಡಿನ ಜನರು ತಮ್ಮ ಊರನ್ನು ಬಿಟ್ಟುಹೋಗುವಂತೆ ಕೇಳಿಕೊಂಡಾಗ ಪ್ರಭು ಯೇಸು ದೋಣಿ ಹತ್ತಿ ಹಿಂದಿರುಗಿದರು. ಸಿರಿವಂತನಾದ ಮನುಷ್ಯನು ಮುಖ ಬಾಡಿಸಿಕೊಂಡು ಹೊರಟಾಗ ಅವನನ್ನು ತಡೆದು ನಿಲ್ಲಿಸಲಿಲ್ಲ. ಆದರೆ ಯಾಯೀರನ ಮಗಳು ಎದ್ದು ನಿಂತ ಕೂಡಲೇ, ಸುತ್ತಲಿನವರು ಅದ್ಭುತವನ್ನು ಕಂಡು ಬೆರಗಾಗಿ ನಿಂತಿದ್ದಾಗ, ಆ ಹುಡುಗಿಗೆ ತಿನ್ನಲು ಏನಾದರೂ ಕೊಡಿರೆಂದು ನೆನಪಿಸಿದವರು ಅವರೊಬ್ಬರೇ. ಬಲವಂತ ಮಾಡದವರು ಹಸಿವನ್ನು ಮರೆತವರಲ್ಲ.

ನಮ್ಮ ಮುಂದೆ ಆತನು ಎಷ್ಟು ದಿನಗಳಿಂದ ಕುಳಿತಿದ್ದಾನೆ? ಸಿಟ್ಟಾಗದೆ, ಮೋಸ ಮಾಡದೆ, ಎದ್ದೂ ಹೋಗದೆ ಕಾದಿದ್ದಾನೆ. ಪರಮ ಪ್ರಸಾದವು ಚಾಚಿದ ಕೈಯ ಮೇಲೆ ಇಡಲಾಗುವ ರೊಟ್ಟಿ. ತೆಗೆದುಕೊಳ್ಳುವ ಬಾಯನ್ನು ನಾವೇ ತೆರೆಯಬೇಕು.

ಪ್ರಿಯ ಓದುಗರೇ, ಇಂದು ರಾತ್ರಿ ನಿಮ್ಮ ಮನೆಯ ಜಗಲಿಯ ಮೇಲೆ ಊಟ ಬಿಟ್ಟ ನಾಯಿಯೊಂದು ಮಲಗಿದ್ದರೆ, ಗಂಜಿಯನ್ನು ಒಮ್ಮೆ ಬೆಚ್ಚಗೆ ಮಾಡಿ ನೋಡಿ. ಬೆಳಗಾದ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ. ಗುಣವಾಗುವ ಭರವಸೆಯಿದ್ದರೆ ದಣಿಯಬೇಡಿ, ಇಲ್ಲವಾದರೆ ಕೈಯನ್ನು ತೆರವು ಮಾಡಿಕೊಂಡು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಒಳಕೋಣೆಯಲ್ಲಿ ತುತ್ತು ಬೇಡವೆಂದ ಹಿರಿಯರೊಬ್ಬರಿದ್ದರೆ ಮೊದಲು ಅವರ ಹಾಸಿಗೆಯ ಅಂಚಿನಲ್ಲಿ ಕುಳಿತು ಎಲ್ಲಿ ನೋವೆಂದು ಕೇಳಿ. ಗೋಡೆಯಾಚೆಯ ಒಲೆ ಉರಿಯುತ್ತಿದೆಯೇ ಎಂದೂ ಒಮ್ಮೆ ವಿಚಾರಿಸಿ. ಮಲಗುವ ಮುನ್ನ, ನಮ್ಮ ಮುಚ್ಚಿದ ಬಾಯಿಯ ಮುಂದೆ ಇನ್ನೂ ಕಾದು ಕುಳಿತಿರುವ ಆ ವೈದ್ಯನನ್ನು ನೆನೆಯಿರಿ.